ಗಾಡಿ ಚಕ್ರಕ್ಕೂ ಒಂದು ಮಣೆ: ತೋಟದ ಮರದಲ್ಲೇ ಮಾಡಿಕೊಳ್ಳುವ ಆಸರೆ

ತರಕಾರಿ ಬೆಳೆಯೋರ ಮನೆ ಮುಂದೆ ಈಗ ಎತ್ತಿನ ಗಾಡಿ ಕಮ್ಮಿ, ಓಮ್ನಿ ಜಾಸ್ತಿ. ಇಲ್ಲಾಂದ್ರೆ ಒಂದು ಪಿಕಪ್ ನಿಂತಿರುತ್ತೆ. ನಮ್ಮದು ಹಳೇ ಓಮ್ನಿ. ಹಿಂದಿನ ಸೀಟು ತೆಗೆದು ಹಲಗೆ ಬಡಿದಿದ್ದೀವಿ. ವಾರಕ್ಕೆರಡು ದಿನ ಸೊಪ್ಪು, ಬೀನ್ಸ್, ಬದನೆಕಾಯಿ ತುಂಬಿಕೊಂಡು ತಿಪಟೂರಿಗೆ ಹೋಗುತ್ತೆ, ಮಿಕ್ಕ ದಿನ ಗೊಬ್ಬರ, ಹಿಂಡಿ, ಡ್ರಿಪ್ ಪೈಪು ಹೊರುತ್ತೆ. ಕೆಸರು, ಸಗಣಿ ನೀರು, ತೋಟದ ದಾರಿಯ ಕಲ್ಲು ಎಲ್ಲದರ ಏಟು ಬೀಳೋದು ಗಾಡಿಯ ತಳಕ್ಕೆ. ಸೈಲೆನ್ಸರ್ ಕ್ಲಾಂಪು ಸಡಿಲ ಆಗೋದು, ಆಯಿಲ್ ಸೋರೋದು, ತಳ ತುಕ್ಕು ಹಿಡಿಯೋದು ಇದ್ದದ್ದೇ. ಇಷ್ಟಕ್ಕೆಲ್ಲ ಹದಿನೆಂಟು ಕಿಲೋಮೀಟರ್ ದೂರದ ಗ್ಯಾರೇಜಿಗೆ ಹೋದರೆ ಒಂದು ದಿನದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಹಾಗಾಗಿ ನಮ್ಮಂಥವರು ಗೋಣಿಚೀಲ ಹಾಸಿಕೊಂಡು ಗಾಡಿ ಕೆಳಗೆ ನುಸುಳ್ತೀವಿ.

ಈ ವಾರ ಗೊಬ್ಬರ, ಕೀಟ ಎಲ್ಲ ಬಿಟ್ಟು ಇದರ ಬಗ್ಗೆ ಬರೀತಿರೋದಕ್ಕೆ ಕಾರಣ ಇದೆ.

ಮೂರು ವರ್ಷದ ಹಿಂದೆ ಸೈಲೆನ್ಸರ್ ಸದ್ದು ಮಾಡ್ತಿದೆ ಅಂತ ಓಮ್ನಿಯ ಮುಂದಿನ ಎರಡೂ ಚಕ್ರ ಎತ್ತಿ, ಒಂದೊಂದರ ಕೆಳಗೆ ಒಂದೊಂದು ಹಾಲೋ ಬ್ಲಾಕ್ ಇಟ್ಟಿದ್ದೆ. ಕೋಳಿಗೂಡು ಕಟ್ಟಿ ಉಳಿದಿದ್ದ ಬ್ಲಾಕು. ಎಂಟಿಂಚು ಎತ್ತರ, ಹೇಳಿ ಮಾಡಿಸಿದ ಹಾಗಿದೆ ಅಂದುಕೊಂಡೆ. ಕೆಳಗೆ ಮಲಗಿ ಹತ್ತು ನಿಮಿಷ ಕೆಲಸಾನೂ ಮಾಡಿದೆ. ಹದಿನಾಲ್ಕರ ಸ್ಪ್ಯಾನರ್ ಬೇಕಾಯ್ತು, ತರೋಕೆ ಅಂತ ಎದ್ದು ಒಳಗೆ ಹೋದೆ. ಪೆಟ್ಟಿಗೆ ತಡಕಾಡ್ತಿರುವಾಗ ಅಂಗಳದಲ್ಲಿ ಢಬ್ ಅಂತ ಸದ್ದು. ಹೊರಗೆ ಬಂದು ನೋಡಿದರೆ ಎಡಗಡೆ ಬ್ಲಾಕು ಪುಡಿಪುಡಿ, ಗಾಡಿ ಮೂತಿ ಮಣ್ಣಿಗೆ ಬಗ್ಗಿದೆ. ನಾನು ಹಾಸಿದ್ದ ಗೋಣಿಚೀಲದ ಮೇಲೆ ಒಂದು ಗೇಣು ಜಾಗಾನೂ ಉಳಿದಿರಲಿಲ್ಲ.

ಅಪ್ಪ ಬಂದು ನೋಡಿದರು. ಬೈಯಲಿಲ್ಲ. "ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವಾಗಲೂ ನಾವು ಅಚ್ಚಿನ ಕೆಳಗೆ ಮರ ಕೊಡ್ತಿದ್ವಿ ಕಣೋ, ಇಟ್ಟಿಗೆ ಕೊಡ್ತಿರಲಿಲ್ಲ" ಅಂದರು ಅಷ್ಟೇ. ಮೂಡಿಗೆರೆಯಲ್ಲಿ ನಾಲ್ಕು ವರ್ಷ ತೋಟಗಾರಿಕೆ ಓದಿದವನಿಗೆ ಅವತ್ತು ಆ ಮಾತು ಚೆನ್ನಾಗೇ ನಾಟಿತು.

ಕಲ್ಲು ಯಾಕೆ ಬೇಡ, ಮರ ಯಾಕೆ ಬೇಕು

ಬ್ಲಾಕಿನ ಮೇಲೆ ಮನೆಯನ್ನೇ ಕಟ್ತೀವಲ್ಲ, ಒಂದು ಓಮ್ನಿ ತಡೆಯಲ್ಲವಾ ಅಂತ ಕೇಳಬಹುದು. ಗೋಡೆಯಲ್ಲಿ ಭಾರ ಬ್ಲಾಕಿನ ಇಡೀ ಮೈಮೇಲೆ ಸಮನಾಗಿ ಕೂತಿರುತ್ತೆ, ಮಧ್ಯೆ ಗಾರೆ ಇರುತ್ತೆ, ಯಾವುದೂ ಅಲ್ಲಾಡಲ್ಲ. ಚಕ್ರದ ಕೆಳಗೆ ಹಾಗಲ್ಲ. ಭಾರ ಒಂದೇ ಕಡೆ ಒತ್ತುತ್ತೆ, ಕೆಳಗಿನ ನೆಲದಲ್ಲಿ ಒಂದು ಬೆಣಚುಕಲ್ಲು ಇದ್ದರೂ ಸಾಕು, ಬ್ಲಾಕು ಅದರ ಮೇಲೆ ಬಾಗಬೇಕಾಗುತ್ತೆ. ಕಾಂಕ್ರೀಟು ಒತ್ತಿದರೆ ತಡೆಯುತ್ತೆ, ಬಗ್ಗಿಸಿದರೆ ತಡೆಯಲ್ಲ. ನಾನಂತೂ ತೂತು ಪಕ್ಕಕ್ಕೆ ಬರೋ ಹಾಗೆ ಮಲಗಿಸಿಟ್ಟಿದ್ದೆ. ಅಂದರೆ ಒಂದೂವರೆ ಇಂಚಿನ ತೆಳು ಗೋಡೆ ಮೇಲೆ ಗಾಡಿ ನಿಂತಿತ್ತು. ಸಾಲಿಡ್ ಬ್ಲಾಕು, ಇಟ್ಟಿಗೆ, ಕಡಪ ಕಲ್ಲಿನ ಚೂರು ಇವಕ್ಕೂ ಇದೇ ಮಾತು. ಇವುಗಳ ದೊಡ್ಡ ದೋಷ ಅಂದರೆ ಮುರಿಯೋ ಮುಂಚೆ ಏನೂ ಹೇಳಲ್ಲ. ಈ ಕ್ಷಣ ಗಟ್ಟಿ, ಮರುಕ್ಷಣ ಪುಡಿ.

ಮರ ಹಾಗಲ್ಲ. ಭಾರ ಜಾಸ್ತಿ ಆದರೆ ಮೊದಲು ನಲುಗುತ್ತೆ, ನಾರು ಅಮುಕಿಕೊಳ್ಳುತ್ತೆ, ಕಿರ್ ಅನ್ನುತ್ತೆ. ಕಟ್ಟಡ ಕುಸಿದ ಕಡೆ, ಲಾರಿ ಮಗುಚಿದ ಕಡೆ ರಕ್ಷಣಾ ಕೆಲಸ ಮಾಡೋರು ಇವತ್ತಿಗೂ ಚೌಕದ ಮರದ ತುಂಡುಗಳನ್ನು ಅಡ್ಡ ಉದ್ದ ಅಡ್ಡ ಉದ್ದ ಅಂತ ಜೋಡಿಸಿ ಆಸರೆ ಕೊಡೋದು ಇದೇ ಕಾರಣಕ್ಕೆ.

ಇನ್ನು ಜ್ಯಾಕ್. ಕಂಪನಿ ಕೊಡೋ ಜ್ಯಾಕ್ ಇರೋದು ಪಂಕ್ಚರ್ ಆದಾಗ ಚಕ್ರ ಬದಲಿಸೋಕೆ. ಅದನ್ನು ನಂಬಿ ಕೆಳಗೆ ಹೋಗಬೇಡಿ ಅಂತ ಗಾಡಿಯ ಕೈಪಿಡಿಯಲ್ಲೇ ಇರುತ್ತೆ, ನಾವು ಓದಿರಲ್ಲ. ಸ್ಕ್ರೂ ಜ್ಯಾಕಿನ ಪಾದ ಅಂಗೈ ಅಗಲ. ಮಳೆ ಬಂದು ನೆನೆದ ಅಂಗಳದಲ್ಲಿ ಅದು ನೋಡ್ತಾ ನೋಡ್ತಾ ಒಂದು ಕಡೆ ಇಳಿಯುತ್ತೆ. ಹೈಡ್ರಾಲಿಕ್ ಜ್ಯಾಕಿಗೆ ಒಳಗೆ ಒಂದು ರಬ್ಬರ್ ವಾಷರ್ ಸವೆದರೆ ಮುಗೀತು. ಜ್ಯಾಕ್ ಎತ್ತೋಕೆ, ಹಿಡಿದಿಟ್ಟುಕೊಳ್ಳೋಕೆ ಬೇರೆ ಏನಾದರೂ ಇರಲೇಬೇಕು.

ಆ "ಬೇರೆ ಏನಾದರೂ" ಅಂದರೆ ನಾನು ಮಾಡಿಕೊಂಡಿರೋ ಗಾಲಿ ಮಣೆ. ಹೆಸರು ಅಪ್ಪ ಇಟ್ಟಿದ್ದು. ಬಂದ ನೆಂಟರಿಗೆ ಮಣೆ ಹಾಕೋ ಹಾಗೆ ಚಕ್ರಕ್ಕೂ ಒಂದು ಮಣೆ. ಗಾಡಿ ತನ್ನ ಚಕ್ರದ ಮೇಲೆ ತಾನೇ ನಿಂತಿರುತ್ತೆ, ನೆಲ ಮಾತ್ರ ಆರು ಇಂಚು ಮೇಲೆ ಬಂದಿರುತ್ತೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಜಾರೋ ಪ್ರಶ್ನೆಯಿಲ್ಲ. ರಬ್ಬರು, ಮರ, ನೆಲ ಅಷ್ಟೇ.

ಎಷ್ಟು ಭಾರ, ಎಷ್ಟು ಮರ

ಖಾಲಿ ಓಮ್ನಿ ಸುಮಾರು 800 ಕೆಜಿ. ಒಂದೊಂದು ಚಕ್ರದ ಪಾಲಿಗೆ 200ರಿಂದ 250 ಕೆಜಿ ಬರುತ್ತೆ. ಮೆದು ಮರವನ್ನು ಅಡ್ಡ ಮಲಗಿಸಿ ಮೇಲಿಂದ ಒತ್ತಿದರೆ ಒಂದು ಚದರ ಸೆಂಟಿಮೀಟರಿಗೆ 35 ಕೆಜಿ ತಡೆಯುತ್ತೆ ಅನ್ನೋದು ರಕ್ಷಣಾ ಕೆಲಸದವರ ಸಾಮಾನ್ಯ ಲೆಕ್ಕ. ಮೂರಿಂಚು ಚೌಕದ ಎರಡು ತುಂಡು ಒಂದರ ಮೇಲೊಂದು ಅಡ್ಡಲಾಗಿ ಕೂತ ಜಾಗ ಸುಮಾರು 56 ಚದರ ಸೆಂಟಿಮೀಟರ್. ಅಂದರೆ ಒಂದೇ ಒಂದು ಕೂಡುವ ಜಾಗ 1,900 ಕೆಜಿ ಮೀರಿ ತಡೆಯುತ್ತೆ. ಚಕ್ರದ ಕೆಳಗೆ ಇಂಥವು ಕನಿಷ್ಠ ಎರಡು ಇರುತ್ತವೆ. ಇಡೀ ಓಮ್ನಿಯನ್ನೇ ಒಂದು ಮಣೆ ಮೇಲೆ ಕೂರಿಸಿದರೂ ಒಳ್ಳೇ ಮರ ಅಲ್ಲಾಡಲ್ಲ.

ಹಾಗಾಗಿ ಮರ ಮುರಿಯುತ್ತೇನೋ ಅನ್ನೋ ಚಿಂತೆ ಬಿಡಿ. ಚಿಂತೆ ಮಾಡಬೇಕಾದ್ದು ಬೇರೆ ಮೂರಿವೆ. ಮಣೆ ಮಗುಚಬಾರದು, ಚಕ್ರ ಉರುಳಬಾರದು, ಮರವನ್ನು ಒಳಗೊಳಗೇ ಗೆದ್ದಲು ತಿಂದಿರಬಾರದು. ನಾನು ಮಾಡಿದ ತಪ್ಪುಗಳೆಲ್ಲ ಈ ಮೂರರಲ್ಲೇ.

ಮಗುಚೋದು ಎತ್ತರಕ್ಕೆ ಆಸೆ ಪಟ್ಟಾಗ. ಶುರುವಿನಲ್ಲಿ ನಾನು ಒಂದಡಿ ಎತ್ತರದ ಮಣೆ ಮಾಡಬೇಕು ಅಂತಿದ್ದೆ, ಕೆಳಗೆ ಆರಾಮಾಗಿ ಕೂತು ಕೆಲಸ ಮಾಡಬಹುದು ಅಂತ. ಗಾಡಿಯ ಜ್ಯಾಕು ಅಷ್ಟು ಎತ್ತಲ್ಲ. ಎತ್ತಿದರೂ ಒಂದು ಮೂಲೆ ಅಷ್ಟು ಮೇಲೆ ಹೋದಾಗ ಗಾಡಿ ವಾಲಿ ಜ್ಯಾಕೇ ಓರೆಯಾಗುತ್ತೆ. ಆರಿಂಚು ಸಾಕು. ಓಮ್ನಿಯ ತಳ ನೆಲದಿಂದ ಆರೂವರೆ ಇಂಚು ಹತ್ತಿರ ಇರುತ್ತೆ, ಎರಡೂ ಸೇರಿ ಒಂದಡಿ ಜಾಗ ಸಿಗುತ್ತೆ. ನನ್ನ ಹೊಟ್ಟೆಗೆ ಅಷ್ಟು ಸಾಲುತ್ತೆ, ನಿಮ್ಮದು ನೀವು ಅಳೆದುಕೊಳ್ಳಿ. ಇನ್ನೊಂದು ವರಸೆ ಸೇರಿಸಿ ಒಂಬತ್ತು ಇಂಚು ಮಾಡೋರು ಟ್ರಾಲಿ ಜ್ಯಾಕ್ ಇದ್ದರೆ ಮಾತ್ರ ಮಾಡಿ. ಯಾವುದೇ ಆದರೂ ಎತ್ತರಕ್ಕಿಂತ ತಳದ ಅಗಲ ಜಾಸ್ತಿ ಇರಲೇಬೇಕು. ನಮ್ಮದು ಆರಿಂಚು ಎತ್ತರಕ್ಕೆ ಹದಿನೈದಿಂಚು ಅಗಲ.

ಯಾವ ಮರ

ನಮ್ಮ ಬೇಲಿಯಲ್ಲಿ ಮುಂಗಾರಿನ ಗಾಳಿಗೆ ಬಿದ್ದ ಒಂದು ಕರಿಜಾಲಿ ಇತ್ತು, ಅದನ್ನೇ ಕೊಯ್ಸಿದೆ. ಹಿಂದೆ ಗಾಡಿ ಚಕ್ರಕ್ಕೆ, ನೇಗಿಲಿಗೆ ಬಳಸ್ತಿದ್ದ ಮರ. ಇದಕ್ಕಿಂತ ಒಳ್ಳೇದು ಸಿಗಲ್ಲ. ಆದರೆ ಒಣಗಿದ ಮೇಲೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತೆ, ಪ್ರತಿ ತೂತನ್ನೂ ಮೊದಲು ಡ್ರಿಲ್ ಮಾಡಿಕೊಳ್ಳಬೇಕು. ಬೇವು, ಹಲಸು, ಹೊನ್ನೆ ಇದ್ದರೂ ಆಗುತ್ತೆ. ಸಿಲ್ವರ್ ಓಕ್ ಮೆದು, ಹಗುರ; ಮೇಲಿನ ಲೆಕ್ಕದ ಪ್ರಕಾರ ಅದೂ ಧಾರಾಳವಾಗಿ ತಡೆಯುತ್ತೆ, ಎತ್ತಿಡೋಕೂ ಸುಲಭ. ನೀಲಗಿರಿ ಗಟ್ಟಿ ಹೌದು, ಆದರೆ ಒಣಗುವಾಗ ತಿರುಚಿಕೊಂಡು ಸೀಳುತ್ತೆ. ಈಗಾಗಲೇ ಪೂರ್ತಿ ಒಣಗಿ ನೆಟ್ಟಗೆ ಉಳಿದಿರೋ ತುಂಡು ಸಿಕ್ಕರೆ ಮಾತ್ರ ತಗೊಳ್ಳಿ.

ತೆಂಗಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ನಮ್ಮ ಕಡೆ ಎಲ್ಲರ ತೋಟದಲ್ಲೂ ಬಿದ್ದ ತೆಂಗಿನ ಮರ ಇರುತ್ತೆ, ಪುಕ್ಕಟೆ ಸಿಗುತ್ತೆ ಅಂತ ಅದಕ್ಕೇ ಕೈ ಹಾಕ್ತೀವಿ. ತೆಂಗು ಬೇರೆ ಮರಗಳ ಥರ ವರ್ಷ ವರ್ಷ ದಪ್ಪ ಆಗಿ ಒಳಗೆ ಚೇಗು ಕಟ್ಟೋ ಮರ ಅಲ್ಲ. ಅದರ ಗಟ್ಟಿತನ ಎಲ್ಲಾ ಹೊರಸುತ್ತಿನಲ್ಲಿ. ಬುಡದ ಕಡೆ ಹೊರಗಿನ ಎರಡು ಮೂರು ಇಂಚು ಕಬ್ಬಿಣದ ಹಾಗೆ, ನಡುವಿನದು ಬೆಂಡು. ಒಣಗಿದ ಮೇಲೆ ನಡುವಿನ ಭಾಗವನ್ನು ಉಗುರಲ್ಲಿ ಕೆರೆಯಬಹುದು. ಮಿಲ್ಲಿನವರು ಚೌಕವಾಗಿ ಕೊಯ್ದು ಕೊಟ್ಟಾಗ ಯಾವ ತುಂಡು ಹೊರಗಿಂದು, ಯಾವುದು ಒಳಗಿಂದು ಅಂತ ಮೇಲ್ನೋಟಕ್ಕೆ ಗೊತ್ತಾಗಲ್ಲ. ಹಳೇ ಮರದ ಬುಡದ ಹತ್ತಡಿ, ಅದರಲ್ಲೂ ಹೊರಸುತ್ತು ಮಾತ್ರ ಅಂತ ನಿಂತು ಕೊಯ್ಸೋಕೆ ಆದರೆ ಸರಿ, ಇಲ್ಲಾಂದ್ರೆ ತೆಂಗು ಬೇಡ. ತೀರ್ಥಹಳ್ಳಿ, ಶಿರಸಿ ಕಡೆಯವರು ಅಡಿಕೆ ಬಗ್ಗೆಯೂ ಇದನ್ನೇ ಅಂದುಕೊಳ್ಳಿ. ಅಡಿಕೆ ದಬ್ಬೆ ಚಪ್ಪರಕ್ಕೆ ಚೆಂದ.

ಹಸಿ ಮರದಲ್ಲಿ ಮಾಡಬೇಡಿ. ಒಣಗ್ತಾ ಕುಗ್ಗಿದಾಗ ಸ್ಕ್ರೂ ಎಲ್ಲ ಸಡಿಲ ಬೀಳುತ್ತೆ. ತುಂಡು ಕೊಯ್ಸಿ, ತುದಿಗಳಿಗೆ ಸಗಣಿ ಮೆತ್ತಿ ಅಥವಾ ಹಳೇ ಪೇಂಟ್ ಬಳಿದು, ಕೆಳಗೆ ಕಲ್ಲು ಕೊಟ್ಟು ನೆರಳಲ್ಲಿ ಆರು ತಿಂಗಳು ಬಿಟ್ಟೆ. ಗಂಟು ಇರೋದು, ಸೀಳಿರೋದು ಆಮೇಲೆ ಒಲೆಗೆ ಹೋಯ್ತು.

ಮಣೆ ಕಟ್ಟೋ ಬಗೆ

ಒಂದು ಮಣೆಗೆ ಮೂರಿಂಚು ಚೌಕದ ಮರ ಹನ್ನೆರಡೂವರೆ ಅಡಿ ಬೇಕು. ಕೊಯ್ಯುವಾಗ ಹೋಗೋದು ಸೇರಿ ಎರಡು ಮಣೆಗೆ 27 ಅಡಿ ಇಟ್ಟುಕೊಳ್ಳಿ. ಹದಿನೈದಿಂಚಿನ ಮೂರು ತುಂಡು ಕೆಳಗಿನ ತೊಲೆಗಳು. ಇವು ಗಾಡಿಗೆ ಅಡ್ಡಲಾಗಿ ಮಲಗುತ್ತವೆ: ಮುಂದೆ ಒಂದು, ಹಿಂದೆ ಒಂದು, ಸರಿಯಾಗಿ ನಡುವೆ ಒಂದು. ಅದರ ಮೇಲೆ ಹದಿನೆಂಟಿಂಚಿನ ಐದು ತುಂಡು ಗಾಡಿಯ ಉದ್ದಕ್ಕೆ, ಒಂದಕ್ಕೊಂದು ಅಂಟಿಕೊಂಡು. ಐದು ಮೂರಲಿ ಹದಿನೈದು, ಅಗಲ ಸರಿಹೋಯ್ತು. ಓಮ್ನಿ ಟೈರಿನ ಅಗಲ 145 ಮಿಲಿಮೀಟರ್, ಅಂದರೆ ಆರಿಂಚಿಗೂ ಕಮ್ಮಿ. ಎರಡೂ ಪಕ್ಕ ನಾಲ್ಕು ನಾಲ್ಕು ಇಂಚು ಜಾಗ ಉಳಿಯುತ್ತೆ. ಈ ಉಳಿಯೋ ಜಾಗ ದಂಡ ಅಲ್ಲ, ಮಣೆ ಮಗುಚದ ಹಾಗೆ ಹಿಡಿಯೋದು ಅದೇ.

ನಡುವಿನ ತೊಲೆ ಚಕ್ರದ ನೇರ ಕೆಳಗೆ ಬರಬೇಕು, ಅದನ್ನು ಮಾತ್ರ ಮರೀಬೇಡಿ. ಮರ ಉಳಿಸೋಕೆ ಹೋಗಿ ಎರಡೇ ತೊಲೆ ಕೊಟ್ಟರೆ ಮೇಲಿನ ತುಂಡುಗಳು ಸೇತುವೆ ಥರ ಬಾಗ್ತವೆ.

ಜೋಡಿಸೋಕೆ ಮೊಳೆ ಬೇಡ. 8 ಎಂಎಂನ, ಐದಿಂಚಿನ ಕೋಚ್ ಸ್ಕ್ರೂ ತಗೊಳ್ಳಿ. ಮೇಲಿನ ಪ್ರತಿ ತುಂಡಿಗೂ ಹಿಂದೊಂದು ಮುಂದೊಂದು, ಕೆಳಗಿನ ತೊಲೆಯ ನಡುಮಧ್ಯಕ್ಕೆ ಇಳಿಯೋ ಹಾಗೆ. ತಲೆ ಒಳಗೆ ಕೂರೋಷ್ಟು ಮರ ತೋಡಿ, ಮೇಲೆದ್ದಿದ್ದರೆ ಟೈರಿಗೆ ಚುಚ್ಚುತ್ತೆ. ಗಾಡಿಯ ಭಾರ ಸ್ಕ್ರೂ ಹೊರೋದಿಲ್ಲ, ಮರದ ಮೇಲೆ ಮರ ಕೂತು ಹೊರುತ್ತೆ. ಸ್ಕ್ರೂ ಇರೋದು ತುಂಡುಗಳು ಅತ್ತಿತ್ತ ಸರಿಯದಿರಲಿ ಅಂತ.

ಇನ್ನು ಉಳಿದದ್ದು ಚಕ್ರ ಉರುಳದ ಹಾಗೆ ಮೇಲೆ ಹಿಂದೆ ಮುಂದೆ ಕೊಡೋ ತಡೆಪಟ್ಟಿ. ನಾನು ಎಡವಿದ್ದು ಇಲ್ಲಿ. ತಡೆ ಎಷ್ಟು ಎತ್ತರ ಇದ್ದರೆ ಅಷ್ಟು ಭದ್ರ ಅಂತ ಮೂರಿಂಚಿನ ತುಂಡನ್ನೇ ಇಡಿಯಾಗಿ ಎರಡೂ ತುದಿಗೆ ಬಡಿದೆ. ಜ್ಯಾಕ್ ಇಳಿಸಿ ನೋಡಿದರೆ ಟೈರು ಮಣೆಗೆ ತಾಗೇ ಇಲ್ಲ! ದುಂಡಗಿನ ಚಕ್ರ ಎರಡು ತಡೆಗಳ ನಡುವೆ ಸಿಕ್ಕಿಕೊಂಡು ತೂಗ್ತಿತ್ತು. ಭಾರ ಎಲ್ಲಾ ತಡೆಪಟ್ಟಿಯನ್ನು ಹೊರಗೆ ತಳ್ಳೋ ಕಡೆಗೆ. ಸ್ಕ್ರೂಗಳು ಕಿತ್ತು ಬರೋಕೆ ಶುರು ಆಗಿತ್ತು. ಊರಿನ ಆಚಾರ್ರು ನೋಡಿ ನಕ್ಕು, "ನೋಡಪ್ಪಾ, ಮಡಕೆ ಕೂರಿಸೋಕೆ ಸಿಂಬಿ ಮಾಡ್ತಾರೆ, ಗೋಡೆ ಕಟ್ತಾರಾ?" ಅಂದರು.

ಸರಿಯಾದ ಅಳತೆ ತೆಗೆಯೋಕೆ ಲೆಕ್ಕ ಬೇಕಿಲ್ಲ. ಮೂರಿಂಚಿನ ಒಂದು ತುಂಡನ್ನು ಉದ್ದಕ್ಕೆ ಸೀಳಿಸಿ, ಮೂರಿಂಚು ಅಗಲ, ಒಂದೂವರೆ ಇಂಚು ಎತ್ತರದ ಎರಡು ಪಟ್ಟಿ ಸಿಗುತ್ತೆ. ಗಾಡಿ ನೆಲದ ಮೇಲೆ ನಿಂತಿರುವಾಗ ಅವನ್ನು ಟೈರಿನ ಹಿಂದೆ ಮುಂದೆ, ತಾಗೋವರೆಗೆ ಒತ್ತಿಡಿ. ಎರಡು ಪಟ್ಟಿಗಳ ನಡುವಿನ ಅಂತರ ಅಳೆಯಿರಿ. ಅದಕ್ಕೆ ಒಂದಿಂಚು ಸೇರಿಸಿ, ಅದೇ ನಿಮ್ಮ ತಡೆಗಳ ನಡುವಿನ ಜಾಗ. ಓಮ್ನಿಗೆ ಹನ್ನೊಂದಿಂಚು ಹತ್ತಿರ ಬರುತ್ತೆ, ಹನ್ನೆರಡು ಇಟ್ಟೆ. ಎರಡು ಪಟ್ಟಿ ಸೇರಿ ಹದಿನೆಂಟು. ಪಿಕಪ್ ಟೈರು ದೊಡ್ಡದು, ಅದೇ ರೀತಿ ಅಳೆದರೆ ಮಣೆಯ ಉದ್ದ ಇಪ್ಪತ್ತಿಂಚಿನ ಆಸುಪಾಸು ಬರುತ್ತೆ. ಅಗಲವನ್ನೂ ಒಂದು ತುಂಡು ಸೇರಿಸಿ ಹದಿನೆಂಟು ಮಾಡಿ.

ತಡೆಪಟ್ಟಿಗೆ ಮಾತ್ರ ಸ್ಕ್ರೂ ಸಾಲದು. ಎಂಟಿಂಚಿನ, 10 ಎಂಎಂ ಬೋಲ್ಟ್ ಪಟ್ಟಿ, ಮೇಲಿನ ತುಂಡು, ಕೆಳಗಿನ ತೊಲೆ ಮೂರನ್ನೂ ಹಾದು ಹೋಗಲಿ. ಒಂದೊಂದು ಪಟ್ಟಿಗೆ ಎರಡೆರಡು, ಅಗಲ ವಾಷರ್ ಹಾಕಿ. ನಟ್ಟು ಕೆಳಗೆ ತೋಡಿದ ಗುಳಿಯೊಳಗೆ ಕೂರಬೇಕು, ಹೊರಗೆ ಬಂದರೆ ಮಣೆ ನಟ್ಟಿನ ಮೇಲೆ ನಿಂತು ಕುಂಟುತ್ತೆ. ಪಕ್ಕಕ್ಕೊಂದು ತೆಂಗಿನ ಹುರಿಯ ಹಿಡಿ ಕಟ್ಟಿ. ಜಾಲಿಯ ಮಣೆ ಹದಿನೇಳು ಹದಿನೆಂಟು ಕೆಜಿ ತೂಗುತ್ತೆ, ಹಿಡಿ ಇಲ್ಲದಿದ್ದರೆ ಎಳೆಯೋದು ಕಷ್ಟ. ನನಗೆ ಎರಡು ಮಣೆಗೆ ಬೋಲ್ಟು, ಸ್ಕ್ರೂಗೆ ಅಂತ ಏಳುನೂರು ರೂಪಾಯಿ ಒಳಗೇ ಮುಗೀತು, ಕೊಯ್ಸಿದ ಕೂಲಿ ಬೇರೆ.

ಗಾಡಿ ಏರಿಸುವಾಗ

ಜಾಗ ಮೊದಲು. ನಾವು ರಾಗಿ ಒಕ್ಕೋ ಸಿಮೆಂಟ್ ಕಣದ ಮೇಲೆ ಮಾತ್ರ ಈ ಕೆಲಸ ಮಾಡ್ತೀವಿ. ಮಣ್ಣಿನ ಅಂಗಳವೇ ಗತಿ ಅಂದರೆ ಮಳೆ ಬಿದ್ದು ವಾರ ಕಳೆದಿರಲಿ, ಜ್ಯಾಕಿನ ಕೆಳಗೆ ಎರಡಿಂಚಿನ ಅಗಲ ಹಲಗೆ ಹಾಕಿ. ಆ ಹಲಗೆಯಿಂದ ಜ್ಯಾಕಿಗೆ ಎತ್ತರವೂ ಸಿಗುತ್ತೆ, ಹೇಗೂ ಬೇಕಾಗುತ್ತೆ. ಗಾಡಿ ಖಾಲಿ ಮಾಡಿ. ಎರಡು ಮೂಟೆ ಬೇವಿನ ಹಿಂಡಿ ಒಳಗೇ ಇದೆ ಪರವಾಗಿಲ್ಲ ಅನ್ನಬೇಡಿ.

ಮುಂದಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಓಮ್ನಿಯ ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನು ಮಾತ್ರ. ಎಂಜಿನ್ ತಿರುಗಿಸೋದೂ ಹಿಂದಿನ ಚಕ್ರವನ್ನೇ, ಆದ್ದರಿಂದ ಗೇರಿನಲ್ಲಿ ನಿಲ್ಲಿಸಿದರೆ ಅದೂ ಹಿಂದಿನದನ್ನೇ ಹಿಡಿಯುತ್ತೆ. ಹಿಂದಿನ ಒಂದು ಚಕ್ರ ಮೇಲೆತ್ತಿದಿರಿ ಅಂದುಕೊಳ್ಳಿ. ಗೇರಿನ ಹಿಡಿತ ಅಲ್ಲಿಗೆ ಹೋಯ್ತು. ಗಾಳಿಯಲ್ಲಿರೋ ಚಕ್ರ ಸುಮ್ಮನೆ ತಿರುಗಿಕೊಳ್ಳುತ್ತೆ, ನೆಲದ ಮೇಲಿನ ಚಕ್ರ ಉರುಳೋಕೆ ಸ್ವತಂತ್ರ. ಎರಡೂ ಎತ್ತಿದರೆ ಹ್ಯಾಂಡ್ ಬ್ರೇಕೂ ದಂಡ. ಆಗ ಇಡೀ ಗಾಡಿಯನ್ನು ಹಿಡಿಯೋದು ಮುಂದಿನ ಚಕ್ರಕ್ಕೆ ನೀವು ಕೊಟ್ಟ ಅಡ್ಡಗಲ್ಲು ಮಾತ್ರ. ಅದಕ್ಕೇ ಕೈಗೆ ಸಿಕ್ಕ ದುಂಡು ಕಲ್ಲು ಕೊಡಬೇಡಿ. ಮಣೆ ಮಾಡಿ ಉಳಿದ ಮರದಲ್ಲೇ ಓರೆಯಾಗಿ ಕೊಯ್ದು ನಾಲ್ಕು ಆಪು ಮಾಡಿಕೊಳ್ಳಿ, ಮುಂದಿನ ಎರಡು ಚಕ್ರಕ್ಕೂ ಹಿಂದೆ ಮುಂದೆ ಗಟ್ಟಿಯಾಗಿ ಒತ್ತಿ.

ಹಾಗಾಗಿ ನಾಲ್ಕು ಮಣೆ ಇದ್ದು ಇಡೀ ಗಾಡಿ ಏರಿಸೋದಾದರೆ ಹಿಂದಿನ ಚಕ್ರ ಮೊದಲು. ಅವು ಮಣೆ ಮೇಲೆ ಕೂತು ಜ್ಯಾಕ್ ತೆಗೆದ ತಕ್ಷಣ ಹ್ಯಾಂಡ್ ಬ್ರೇಕು, ಗೇರು ಎರಡೂ ಮತ್ತೆ ಕೆಲಸಕ್ಕೆ ಬರ್ತವೆ, ಜೊತೆಗೆ ತಡೆಪಟ್ಟಿ ಇದೆ. ಆಮೇಲೆ ಮುಂದಿನದು. ಉಲ್ಟಾ ಮಾಡಿದರೆ ಹಿಂದಿನ ಚಕ್ರ ಎತ್ತಿದ ಹೊತ್ತಿನಲ್ಲಿ ಗಾಡಿ ನಿಂತಿರೋದು ಒಂದೂವರೆ ಇಂಚಿನ ಎರಡು ಪಟ್ಟಿ ನಂಬಿಕೊಂಡು. ಮುಂದಿನ ಚಕ್ರ ಎಳೆಯೋ ಕಾರುಗಳಲ್ಲಿ ಗೇರು ಹಿಡಿಯೋದು ಮುಂದೆ, ಹ್ಯಾಂಡ್ ಬ್ರೇಕು ಸಾಮಾನ್ಯವಾಗಿ ಹಿಂದೆ; ನಿಮ್ಮದು ಯಾವುದು ಅಂತ ತಿಳಿದುಕೊಂಡು ಶುರು ಮಾಡಿ.

ಜ್ಯಾಕ್ ಕೊಡೋದು ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ. ತುಕ್ಕು ಹಿಡಿದ ಹಳೇ ಗಾಡಿಯಲ್ಲಿ ಆ ಜಾಗದ ತಗಡು ಗಟ್ಟಿ ಇದೆಯಾ ಅಂತ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಚಕ್ರ ಮೇಲೆದ್ದ ಮೇಲೆ ಮಣೆಯನ್ನು ಪಕ್ಕದಿಂದ ತಳ್ಳಿ, ಕೈ ಚಕ್ರದ ಕೆಳಗೆ ಹೋಗಬಾರದು. ಟೈರು ನಡುಮಧ್ಯ ಬಂತಾ ನೋಡಿ ನಿಧಾನಕ್ಕೆ ಇಳಿಸಿ. ಜ್ಯಾಕ್ ಪೂರ್ತಿ ಬಿಡಿಸಿ ಪಕ್ಕಕ್ಕಿಡಿ, ಅರ್ಧ ಭಾರ ಜ್ಯಾಕಿಗೂ ಇರಲಿ ಅನ್ನೋ ಬುದ್ಧಿವಂತಿಕೆ ಬೇಡ. ಆಮೇಲೆ ಗಾಡಿಯ ಪಕ್ಕ ನಿಂತು ಎರಡೂ ಕೈಯಲ್ಲಿ ಜೋರಾಗಿ ಅಲ್ಲಾಡಿಸಿ. ಬೀಳೋದಾದರೆ ನೀವು ಹೊರಗಿರುವಾಗಲೇ ಬೀಳಲಿ. ಸ್ಟೆಪ್ನಿ ಚಕ್ರ ಬಿಚ್ಚಿ ಬಾಗಿಲ ಕೆಳಗೆ ಅಡ್ಡ ಮಲಗಿಸಿ. ಮನೇಲಿ ಒಬ್ಬರಿಗೆ ಹೇಳಿಯೇ ಕೆಳಗೆ ಹೋಗಿ. ಮಕ್ಕಳು ಒಳಗೆ ಹತ್ತಿ ಸ್ಟೇರಿಂಗ್ ಆಡದ ಹಾಗೆ ಕೀಲಿ ನಿಮ್ಮ ಜೇಬಲ್ಲಿರಲಿ.

ಮಣೆಯ ಮೇಲೆ ಗಾಡಿ ಓಡಿಸಿ ಹತ್ತಿಸೋಕೆ ಹೋಗಬೇಡಿ. ಚಕ್ರ ಹತ್ತೋ ಬದಲು ಮಣೆಯನ್ನೇ ಮುಂದಕ್ಕೆ ತಳ್ಳುತ್ತೆ.

ಮಣೆಯಿಂದ ಆಗದ ಕೆಲಸ

ಆಯಿಲ್ ಬದಲಿಸೋದು, ಸೈಲೆನ್ಸರ್, ಗ್ರೀಸ್, ತಳ ತೊಳೆದು ಪೇಂಟ್ ಹೊಡೆಯೋದು, ಗೇರ್ ಆಯಿಲ್ ನೋಡೋದು ಇವಕ್ಕೆಲ್ಲ ಮಣೆ ಚೆನ್ನ. ಗೇರ್ ಆಯಿಲ್ ಮಟ್ಟ ನೋಡೋಕೆ ಗಾಡಿ ಸಮ ನಿಂತಿರಬೇಕು, ಅದಕ್ಕೆ ನಾಲ್ಕೂ ಮಣೆ ಬೇಕು. ಆದರೆ ಚಕ್ರವನ್ನೇ ಬಿಚ್ಚೋ ಕೆಲಸಕ್ಕೆ, ಅಂದರೆ ಬ್ರೇಕ್ ಲೈನರ್, ಬೇರಿಂಗ್ ಇಂಥದ್ದಕ್ಕೆ, ಇದು ಉಪಯೋಗಕ್ಕೆ ಬರಲ್ಲ. ಅದಕ್ಕೆ ಅಚ್ಚಿನ ಕೆಳಗೆ ಕೊಡೋ ಕಬ್ಬಿಣದ ಸ್ಟ್ಯಾಂಡ್ ಕೊಂಡುಕೊಳ್ಳಿ ಅಥವಾ ಗ್ಯಾರೇಜಿಗೆ ಬಿಡಿ. ಬ್ರೇಕು ನಾನು ಮುಟ್ಟಲ್ಲ.

ಇದೇ ಮಣೆಯನ್ನು ದೊಡ್ಡದು ಮಾಡಿ ಟ್ರ್ಯಾಕ್ಟರಿಗೆ ಕೊಡಬಹುದಾ ಅಂತ ಪಕ್ಕದ ತೋಟದ ಅಣ್ಣ ಕೇಳಿದರು. ಬೇಡ ಅಂದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವೆ ಒಂದೇ ಪಿನ್ನಿನ ಮೇಲೆ ತೂಗುಯ್ಯಾಲೆ ಥರ ಆಡುತ್ತೆ. ಚಕ್ರಕ್ಕೆ ಎಷ್ಟು ಭದ್ರ ಮಣೆ ಹಾಕಿದರೂ ಮೇಲಿನ ಮೈ ವಾಲಬಹುದು.

ತೆಗೆದ ಹಳೇ ಆಯಿಲ್ ಬಗ್ಗೆ ಒಂದು ಮಾತು. ಮೂರು ಲೀಟರ್ ಹತ್ತಿರ ಬರುತ್ತೆ, ಅದನ್ನು ಬೇಲಿ ಕಂಬಕ್ಕೆ, ಮರದ ಸಾಮಾನಿಗೆ ಗೆದ್ದಲು ಹತ್ತಬಾರದು ಅಂತ ಬಳಿಯೋದು ನಮ್ಮಲ್ಲಿ ರೂಢಿ. ಮಣೆಗೆ ಬಳಿದರೆ ಮೊದಲನೇದಾಗಿ ಟೈರು ಜಾರುತ್ತೆ. ಎರಡನೇದಾಗಿ ಮಳೆ ಬಂದಾಗ ಅದು ಇಳಿಯೋದು ನಾವು ವರ್ಷಗಟ್ಟಲೆ ಜೀವಾಮೃತ ಹಾಕಿ ಸರಿಮಾಡಿದ ಮಣ್ಣಿಗೇ. ಕ್ಯಾನಿಗೆ ತುಂಬಿ ಮುಂದಿನ ಸಲ ಪೇಟೆಗೆ ಹೋದಾಗ ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡ್ತೀನಿ.

ಗೆದ್ದಲಿಗೆ ತಕ್ಕಡಿ

ನಾನು ಮೊದಲು ಮಾಡಿದ ಎರಡು ಮಣೆಯಲ್ಲಿ ಒಂದು ಈಗಿಲ್ಲ. ಒಂದು ಮಳೆಗಾಲ ಕೊಟ್ಟಿಗೆ ಗೋಡೆಗೆ ಒರಗಿಸಿ ನೆಲದ ಮೇಲೇ ಬಿಟ್ಟಿದ್ದೆ. ಮೇಲೆ ಹಚ್ಚಿದ್ದ ಹಸಿರು ಪೇಂಟು ಹಾಗೇ ಫಳಫಳ ಅಂತಿತ್ತು. ದೀಪಾವಳಿ ಮುಂಚೆ ಎತ್ತೋಕೆ ಹೋದಾಗ ಕೈಗೆ ಅನುಮಾನ ಬಂತು, ಇಷ್ಟು ಸಲೀಸಾಗಿ ಮೇಲೆ ಬರಬಾರದಲ್ಲ ಅಂತ. ತಿರುಗಿಸಿ ನೋಡಿದರೆ ನೆಲಕ್ಕೆ ತಾಗಿದ್ದ ಮೂಲೆಯಿಂದ ಗೆದ್ದಲು ಹೊಕ್ಕಿದೆ. ಬಾಚಿಯಲ್ಲಿ ಒಂದೇಟು ಹಾಕಿದೆ, ನಡುವಿನ ತೊಲೆ ಬಿಸ್ಕತ್ತಿನ ಹಾಗೆ ಮುರೀತು. ಕರಿಜಾಲಿಯ ಕಪ್ಪು ಚೇಗು ಇದ್ದ ತುಂಡುಗಳು ಉಳಿದಿದ್ದವು, ಬಿಳಿ ಹೊರಮರ ಸೇರಿಕೊಂಡಿದ್ದ ತುಂಡು ಪೂರ್ತಿ ಹೋಗಿತ್ತು. ಕೊಯ್ಸುವಾಗ ಆ ಬಿಳಿ ಭಾಗ ತೆಗೆಸಿಬಿಡಬೇಕಿತ್ತು.

ಅವತ್ತು ಅದನ್ನು ಎತ್ತಿ ನೋಡದೆ ಬೇರೆ ಯಾರಾದರೂ ಜರುಗಿಸಿ ಚಕ್ರದ ಕೆಳಗೆ ಇಟ್ಟಿದ್ದರೆ ಗೊತ್ತೇ ಆಗ್ತಿರಲಿಲ್ಲ. ಆದ್ದರಿಂದ ಈಗ ಮಣೆಗಳನ್ನು ನೆಲಕ್ಕಿಡಲ್ಲ, ಶೆಡ್ಡಿನಲ್ಲಿ ಕಬ್ಬಿಣದ ಕೊಕ್ಕೆಗೆ ಹಿಡಿಯಿಂದ ನೇತುಹಾಕ್ತೀನಿ. ಪೇಂಟೂ ಹಚ್ಚಲ್ಲ. ಒಳಗಿನ ಸೀಳು, ಹುಳದ ತೂತು ಕಾಣಲಿ ಅಂತ ಬರೀ ಮರ. ಬಳಸೋ ಮುಂಚೆ ಪ್ರತಿ ತುಂಡಿಗೂ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಸರಿ, ಪೊಳ್ಳು ಸದ್ದು ಬಂದರೆ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ.

ಇನ್ನೊಂದು ಕೆಲಸ ಮಾಡಿದೆ. ತರಕಾರಿ ತೂಗೋ ತಕ್ಕಡಿ ಮನೇಲಿ ಇದ್ದೇ ಇದೆ. ಹೊಸ ಮಣೆ ಒಣಗಿ ಸಿದ್ಧ ಆದ ದಿನ ತೂಗಿ, ಆ ಅಂಕಿಯನ್ನು ಅದರ ಪಕ್ಕಕ್ಕೇ ಉಳಿಯಲ್ಲಿ ಕೆತ್ತಿದೆ. ಮಳೆಗಾಲದಲ್ಲಿ ತೇವ ಹೀರಿ ಅರ್ಧ ಕೆಜಿ ಏರುತ್ತೆ, ಬೇಸಿಗೇಲಿ ಇಳಿಯುತ್ತೆ, ಅದು ಸಹಜ. ಅದಕ್ಕಿಂತ ಕಮ್ಮಿ ಬಂದರೆ ಯಾರೋ ಒಳಗೆ ಕೂತು ತಿಂತಿದ್ದಾರೆ ಅಂತ ಅರ್ಥ. ಎಡಗಡೆ ಮಣೆ ಮೇಲೆ 17.6 ಅಂತ ಇದೆ. ಮೊನ್ನೆ ಆಯಿಲ್ ಬದಲಿಸೋ ಮುಂಚೆ ತೂಗಿದಾಗ 17.2 ಬಂತು. ಬಿಸಿಲಿಗೆ ಒಣಗಿದ್ದೇ ಇರಬೇಕು ಅನ್ನಿಸಿತು, ಆದರೂ ಮೂರೂ ತೊಲೆಗೆ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿಯೇ ಗೋಣಿಚೀಲ ಹಾಸಿದೆ.